ಬಿಂದಿಗೆ ಇಡೋ ಜಾಗ

ಕೆ.ಆರ್. ನಗರದ ರೈಸ್ ಮಿಲ್ಲೊಂದರಲ್ಲಿ ಮಿಷನ್ ಓಡಿಸುತ್ತಿದ್ದ ಸಣ್ಣಯ್ಯನಿಗೆ ದಿನಾ ಬೆಳಗ್ಗೆ ಒಂದೇ ಸಂಕಟ. ಮೇನ್ ಸ್ವಿಚ್ಚಿನ ಹಿಡಿ ಹಿಡಿದುಕೊಂಡು ಸುಮ್ಮನೆ ನಿಂತುಬಿಡುತ್ತಿದ್ದ. ಅದನ್ನ ಮೇಲಕ್ಕೆತ್ತಿದರೆ ಮಿಲ್ಲು ಶುರು. ಮಿಲ್ಲು ಶುರುವಾದರೆ ಗೋಡೆಯಾಚೆ ಮಂಚದ ಮೇಲೆ ಮಲಗಿರೋ ಹೆಂಡತಿ ಸುಂದ್ರಮ್ಮನ ಬೆನ್ನುಮೂಳೆಗೆ ಅದರ ಅಲ್ಲಾಟ ಹೋಗಿ ಬಡಿಯೋದು. ಎತ್ತದೇ ಹೋದರೆ ಇವನ ಕೆಲಸ ಹೋಗುತ್ತೆ, ಇನ್ನೊಬ್ಬ ಬಂದು ಎತ್ತುತ್ತಾನೆ, ಅಲ್ಲಾಟ ಮಾತ್ರ ತಪ್ಪೋದಿಲ್ಲ. ನೀವೇ ಹೇಳಿ, ಕೈಹಿಡಿದವಳಿಗೆ ಕೈಯಾರೆ ದಿನಾ ನೋವು ಕೊಡೋ ಅಂಥ ನಸೀಬು ಶತ್ರುವಿಗಾದರೂ ಬರಬೇಕಾ? ಅವನು ಕಣ್ಣು ಮುಚ್ಚಿಕೊಂಡು ಹಿಡಿ ಎತ್ತುತ್ತಿದ್ದ.

ಆ ಮನೆ ಅವನಪ್ಪನ ಕಾಲದ್ದು. ಪಕ್ಕದ ಖಾಲಿ ಸೈಟಿನಲ್ಲಿ ಮಿಲ್ಲು ಎದ್ದಾಗ ಸಣ್ಣಯ್ಯನಿಗೆ ಇನ್ನೂ ಮೀಸೆ ಮೂಡಿರಲಿಲ್ಲ. ಮಿಲ್ಲಿನ ಯಜಮಾನರು ಇವರ ಮನೆ ಬಾಗಿಲಿಗೇ ಬಂದು, ನಿಮ್ಮ ಗೋಡೆ ಮೇಲೆ ನಮ್ಮ ಅಟ್ಟದ ತೊಲೆ ಕೂರಿಸ್ಕೋತೀವಿ, ನಮಗೊಂದು ಗೋಡೆ ಕಟ್ಟೋದು ಉಳೀತದೆ, ನಿಮ್ಮ ಮಗನಿಗೆ ಖಾಯಂ ಕೆಲಸ ಕೊಡ್ತೀವಿ ಅಂದರು. ಅಪ್ಪನಿಗೆ ಅದಕ್ಕಿಂತ ದೊಡ್ಡ ಭಾಗ್ಯ ಇನ್ನೇನು ಬೇಕಿತ್ತು, ಹೂಂ ಅಂದುಬಿಟ್ಟ. ಸಿಮೆಂಟಿನ ಆ ತೊಲೆ ಗೋಡೆ ತೂರಿಕೊಂಡು ಬಂದು ಇವರ ನಡುಮನೆಯೊಳಕ್ಕೆ ಒಂದು ಗೇಣು ಮೂತಿ ಹಾಕಿತು. ಸುಂದ್ರಮ್ಮ ಮದುವೆಯಾಗಿ ಬಂದ ಹೊಸದರಲ್ಲಿ ಅದಕ್ಕೊಂದು ಹಗ್ಗ ಕಟ್ಟಿ ಗಂಡನ ಅಂಗಿ ಒಣಗಿಹಾಕುತ್ತಿದ್ದಳು.

ಸುಂದ್ರಮ್ಮ ಬೆಟ್ಟದಪುರದ ಹೆಣ್ಣು. ಮಾತು ಅಂದರೆ ಮಾತು, ನಗು ಅಂದರೆ ನಗು. ಮಿಲ್ಲಿಂದ ಗಂಡ ಮೈತುಂಬ ತೌಡು ಮೆತ್ತಿಕೊಂಡು ಬಂದರೆ, "ಬಂತು ನೋಡಿ ತೌಡಿನ ಮೂಟೆ, ಎಮ್ಮೆ ಇದ್ದಿದ್ರೆ ನೆಕ್ಕಿಬುಡೋದು" ಅಂತ ಬೀದಿಗೆ ಕೇಳಿಸೋ ಹಾಗೆ ಕಿಚಾಯಿಸೋಳು. ಮಕ್ಕಳಾಗಲಿಲ್ಲ. ಅದಕ್ಕೂ ಅತ್ತು ಕೂತವಳಲ್ಲ, ಅಕ್ಕಪಕ್ಕದ ಮಕ್ಕಳನ್ನೆಲ್ಲ ಕರೆದು ಒಲೆ ಮುಂದೆ ಕೂರಿಸಿಕೊಂಡು ಅಕ್ಕಿರೊಟ್ಟಿ ತಿನ್ನಿಸೋಳು. ಸಣ್ಣಯ್ಯ ಮಾತು ಕಮ್ಮಿ ಮನುಷ್ಯ. ಮೂಟೆ ಹೊರೋದರಿಂದ ಶುರುಮಾಡಿ, ಬೆಲ್ಟು ಹಾಕೋದು, ಮೋಟಾರಿಗೆ ಗ್ರೀಸು ಕೊಡೋದು ಎಲ್ಲ ಕಲಿತು ಮಿಷನ್ ಸಣ್ಣಯ್ಯ ಅನ್ನಿಸಿಕೊಂಡಿದ್ದ. ಆ ಮನೆಯಲ್ಲಿ ಇಬ್ಬರ ಮಾತನ್ನೂ ಅವಳೊಬ್ಬಳೇ ಆಡುತ್ತಿದ್ದಳು.

ಹೊಗೆಸೊಪ್ಪಿನ ಸುಗ್ಗಿಯಲ್ಲಿ ತವರಿಗೆ ಹೋಗಿ ಅಣ್ಣ ಲಿಂಗಯ್ಯನಿಗೆ ಕೈಜೋಡಿಸೋದು ಅವಳ ರೂಢಿ. ಹೊಗೆಸೊಪ್ಪು ಬೇಯಿಸೋ ಬ್ಯಾರನ್ನಿನೊಳಗೆ ಸೊಪ್ಪು ಕಟ್ಟಿದ ಕಡ್ಡಿಗಳನ್ನ ಮೇಲಿನ ಅಂತಸ್ತಿಗೆ ಏರಿಸಬೇಕಲ್ಲ, ಗಂಡಾಳು ಬರಲಿಲ್ಲ ಅಂತ ಆವತ್ತು ತಾನೇ ಹತ್ತಿದಳು. ಕಾಲಿಟ್ಟ ಗಳ ಲಟ್ ಅಂತ ಮುರಿಯಿತು. ಬಿದ್ದವಳು ಆಮೇಲೆ ಎದ್ದು ನಿಲ್ಲಲಿಲ್ಲ. ಮೈಸೂರಿನ ದೊಡ್ಡಾಸ್ಪತ್ರೆಯವರು ಕೈಲಾದದ್ದು ಮಾಡಿ, "ಮೂಳೆ ಸೊಟ್ಟ ಕೂಡಿಕೊಂಡಿದೆ, ನರದ ಮೇಲೇ ಕೂತಿದೆ. ಮೈ ಕುಲುಕಬಾರದು, ಎಲ್ಲಿಗೂ ಎತ್ತಿಕೊಂಡು ಓಡಾಡಿಸಬಾರದು, ಮಲಗಿದ ಕಡೆ ಮಲಗಿರಲಿ" ಅಂತ ಹೇಳಿ ಕಳಿಸಿದರು. ಲಿಂಗಯ್ಯನಿಗೆ ತನ್ನ ಬ್ಯಾರನ್ನಿನಲ್ಲೇ ತಂಗಿ ಹೀಗಾದಳಲ್ಲ ಅನ್ನೋ ಉರಿ ಎದೆಯಿಂದ ಇಳಿಯಲೇ ಇಲ್ಲ. ನಮ್ಮನೇಲಿ ಇಟ್ಕೋತೀನಿ ಅಂತ ಆವತ್ತೇ ಹಟ ಹಿಡಿದ. ಸುಂದ್ರಮ್ಮ ಬಿಲ್‌ಕುಲ್ ಒಪ್ಪಲಿಲ್ಲ. "ನನ್ನ ಗಂಡನ ಮನೇಲೇ ಇರ್ತೀನಿ" ಅಂದಳು.

ಮಲಗಿದ ಕಡೆ ಮಲಗಿರಲಿ ಅಂದರೇನೋ ಸರಿ. ಮಲಗಿದ ಜಾಗವೇ ಕುಣಿಯೋಕೆ ಶುರುವಾದರೆ? ಅದೇ ವರ್ಷ ಮಿಲ್ಲಿನ ಅಟ್ಟದ ಮೇಲೆ ದೊಡ್ಡದೊಂದು ಹೊಸ ಜರಡಿ ಮಿಷನ್ ಬಂದು ಕೂತಿತು. ಯಜಮಾನರು ತೀರಿಹೋಗಿ ಅವರ ಹೆಂಡತಿ ವಿಮಲಮ್ಮನವರೇ ಮಿಲ್ಲು ನಡೆಸುತ್ತಿದ್ದ ಕಾಲ ಅದು. ಜರಡಿ ಗಡಗಡ ಆಡಿದರೆ ಅಟ್ಟ ಆಡೋದು, ಅಟ್ಟದ ಜೊತೆ ತೊಲೆ, ತೊಲೆ ಜೊತೆ ಗೋಡೆ, ಗೋಡೆ ಜೊತೆ ನೆಲ, ನೆಲದ ಮೇಲಿನ ಮಂಚ. ಸಂಜೆ ಮಿಲ್ಲು ನಿಲ್ಲಿಸಿ ಕೈಕಾಲು ತೊಳೆದುಕೊಂಡು ಬಂದು ಸಣ್ಣಯ್ಯ ಮಂಚದ ಪಕ್ಕ ಕೂತು ಕೇಳುತ್ತಿದ್ದ, "ನೋವೈತೇನಮ್ಮಿ?" ಅವಳು, "ಅಂಥದೇನಿಲ್ಲ ಬುಡಿ, ಉಂಡ್ರಾ?" ಅನ್ನುತ್ತಿದ್ದಳು. ಆದರೆ ಅವಳ ಕಣ್ಣಿನ ಸುತ್ತ ಕಪ್ಪು ಕಟ್ಟುತ್ತಾ ಬಂತು. ನಗು ನಿಂತಿತು. ಮಾತು ಒಂದೊಂದೇ ಉದುರಿಹೋಗಿ, ಕೊನೆಗೆ ಆ ಮನೆಯಲ್ಲಿ ಇಬ್ಬರೂ ಸುಮ್ಮನಿರೋರೇ ಆದರು.

ಸಣ್ಣಯ್ಯ ಮಾಡದ ಕಸರತ್ತಿಲ್ಲ. ಜರಡಿಯ ಕಾಲಿಗೆ ಲಾರಿ ಟೈರು ಕೊಯ್ದು ಹಾಕಿದ. ಮಂಚದ ಕಾಲು ಮರಳು ತುಂಬಿದ ತೆಂಗಿನ ಚಿಪ್ಪಿನಲ್ಲಿ ಇಟ್ಟ. ಹೊಟ್ಟಿನ ಮೂಟೆ ಜೋಡಿಸಿ ಅದರ ಮೇಲೆ ಹಾಸಿಗೆ ಹಾಸಿದ, ಮೂಟೆ ಕುಸಿದು ಅವಳ ನಡ ತಿರುಚಿಕೊಂಡಿತು. ಒಂದು ಸಲ ಮಂಚವನ್ನೇ ತೊಟ್ಟಿಲ ಹಾಗೆ ಹಗ್ಗದಲ್ಲಿ ತೂಗುಹಾಕಿದ್ದೂ ಆಯಿತು. ಅದನ್ನ ಹೋಗಿ ಅದೇ ತೊಲೆಗೇ ಕಟ್ಟಿದ್ದ, ಪುಣ್ಯಾತ್ಮ! ಬಾಡಿಗೆ ಮನೆ ಕೇಳಿದರೆ, ಹಾಸಿಗೆ ಹಿಡಿದೋರಿಗೆ ಕೊಡಲ್ಲ ಕಣಪ್ಪ ಅಂತ ಬಾಗಿಲು ಹಾಕಿಕೊಂಡರು. ಲಿಂಗಯ್ಯ ಒಂದು ದಿನ ಬಂದವನು ಗೋಡೆ ನಡುಗೋದು ನೋಡಿ ಕೆಂಡವಾಗಿ, "ಬರೋ ಹಬ್ಬದೊಳಗೆ ಇದು ನಿಲ್ಬೇಕು ಸಣ್ಣಯ್ಯ. ಇಲ್ದಿದ್ರೆ ಅವಳನ್ನ ಎತ್ಕೊಂಡೋಯ್ತೀನಿ, ಯಾರ ಮಾತೂ ಕೇಳಕ್ಕಿಲ್ಲ" ಅಂದ. ಸುಂದ್ರಮ್ಮ ಗಂಡನ ಕೈ ಹಿಡಿದುಕೊಂಡಳು. ನನ್ನ ಕಳಿಸಬೇಡಿ ಅಂತ ಆ ಕೈ ಹೇಳುತ್ತಿತ್ತು.

ಅಷ್ಟರಲ್ಲಿ ಅಟ್ಟದ ನೆಲದಲ್ಲಿ ಮಿಲ್ಲಿನ ಕಡೆಗೂ ಬಿರುಕು ಬಿಟ್ಟಿತು. ಆವಾಗ ವಿಮಲಮ್ಮನವರಿಗೆ ಎಚ್ಚರವಾಯಿತು ನೋಡಿ. ಅವರ ನೆಂಟರೊಬ್ಬರು ಹೇಳಿ, ಮೈಸೂರಿನ ಇಂಜಿನಿಯರಿಂಗ್ ಕಾಲೇಜಿನ ಲೆಕ್ಚರರ್ ಯಶೋಧರಾ ಅನ್ನೋರು ಬಂದರು. ಕಟ್ಟಡಗಳ ಅಲ್ಲಾಟ ಅಡಗಿಸೋದೇ ಆಯಮ್ಮನ ಓದು. ಕಾಲೇಜಿನ ಸಾಮಾನು ತಂದು ಇಲ್ಲೇ ಪ್ರಯೋಗ ಮಾಡ್ತೀನಿ ಅಂದಾಗ ವಿಮಲಮ್ಮ ಒಪ್ಪಿದರು. ಯಶೋಧರಾ ಮೊದಲು ಗೋಡೆಯಾಚೆ ಯಾರಿದ್ದಾರೆ ಅಂತ ನೋಡೋಕೆ ಸಣ್ಣಯ್ಯನ ಮನೆಗೇ ಬಂದು, ಸುಂದ್ರಮ್ಮನ ಮಂಚದ ತುದಿಯಲ್ಲಿ ಕೂತು ಕಾಫಿ ಕುಡಿದು ಹೋದರು. ಸಣ್ಣಯ್ಯ ಆವತ್ತಿಂದ ಆಕೆಯನ್ನ ದೇವರ ಹಾಗೆ ನೋಡೋಕೆ ಶುರುಮಾಡಿದ.

ಆಯಮ್ಮ ತಂದಿದ್ದು ಒಂದು ಕಬ್ಬಿಣದ ಪೆಟ್ಟಿಗೆ, ಮತ್ತೆ ವೈರು ಇರೋ ಗುಂಡಿಯಂಥ ಸೆನ್ಸರುಗಳು. ಪೆಟ್ಟಿಗೆಯೊಳಗೆ ಭಾರವಾದ ದಿಮ್ಮಿಯೊಂದು ಕರೆಂಟಿನಲ್ಲಿ ಮೇಲೆ ಕೆಳಗೆ ಆಡುತ್ತೆ. "ಅಟ್ಟ ಮೇಲಕ್ಕೆ ಎದ್ದಾಗ ಪೆಟ್ಟಿಗೆ ಅದನ್ನ ಕೆಳಕ್ಕೆ ಒತ್ತುತ್ತೆ ಸಣ್ಣಯ್ಯನವರೇ. ಅಟ್ಟ ಕೆಳಕ್ಕೆ ಹೋದರೆ ಇದು ಮೇಲಕ್ಕೆ ತಳ್ಳುತ್ತೆ. ಯಾವಾಗ ಹೇಗೆ ಒತ್ತಬೇಕು ಅಂತ ಪೆಟ್ಟಿಗೆಗೆ ಹೇಳೋದು ಈ ಗುಂಡಿಗಳು" ಅಂದರು. ಅಟ್ಟದ ಮೇಲೆಲ್ಲ ಸುತ್ತಿಗೆಯಿಂದ ತಟ್ಟಿ ತಟ್ಟಿ, ಕಂಪ್ಯೂಟರಿನಲ್ಲಿ ಗೆರೆ ನೋಡಿ, ಇಲ್ಲಿ, ಇಲ್ಲಿ ಅಂತ ಸೀಮೆಸುಣ್ಣದಲ್ಲಿ ಸುತ್ತು ಹಾಕಿ ಗುಂಡಿಗಳನ್ನ ಅಂಟಿಸಿದರು. ಕೊನೆಗೆ, "ಇವನ್ನ ಯಾರೂ ಮುಟ್ಟಬೇಡಿ, ಜಾಗ ಬದಲಾಯಿಸಬೇಡಿ, ಏನಾದರೂ ಆದರೆ ಮೊದಲು ಪೆಟ್ಟಿಗೆ ಸ್ವಿಚ್ಚು ಆರಿಸಿ ನನಗೆ ಫೋನ್ ಮಾಡಿ" ಅಂತ ಹೇಳಿದರು. ಯಾಕೆ ಬದಲಾಯಿಸಬಾರದು ಅಂತ ಅವರೂ ಹೇಳಲಿಲ್ಲ, ಇವನೂ ಕೇಳಲಿಲ್ಲ.

ಪೆಟ್ಟಿಗೆ ಶುರುವಾದ ದಿನ ಸಣ್ಣಯ್ಯ ಜರಡಿ ಓಡುತ್ತಿರುವಾಗಲೇ ಮನೆಗೆ ಓಡಿಬಂದ. ಕೆಲಸಕ್ಕೆ ಸೇರಿದಾಗಿಂದ ಮಿಷನ್ ಓಡುವಾಗ ಹೊರಗೆ ಕಾಲಿಟ್ಟವನಲ್ಲ. ಗೋಡೆಗೆ ಅಂಗೈ ಇಟ್ಟ. ಮುಂಚೆ ಅಂಗೈ ಜುಮ್ಮೆನ್ನುತ್ತಿತ್ತು, ಈಗ ಏನೋ ಒಂಚೂರು ಗುಂಯ್ ಅನ್ನೋದು ಅಷ್ಟೇ. ತಿರುಗಿ ನೋಡಿದರೆ ಸುಂದ್ರಮ್ಮ ಬಾಯಿ ತೆರೆದುಕೊಂಡು ನಿದ್ದೆ ಹೊಡೆಯುತ್ತಿದ್ದಾಳೆ, ಗೊರಕೆ ಬೇರೆ! ಎಷ್ಟೋ ದಿನದ ನಿದ್ದೆ ಅದು. ಎದ್ದಮೇಲೆ ಅವಳು ಕನ್ನಡಿ ಕೇಳಿದಳು. ಮುಖ ನೋಡಿಕೊಂಡು, "ಅಯ್ಯೋ ಶಿವನೇ, ಇದ್ಯಾವ ಮುದುಕಿ ರೀ ನಮ್ಮನೇಲಿ ಮಲಗವ್ಳೆ?" ಅಂದಳು. ಸಣ್ಣಯ್ಯ ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡ. ಲಿಂಗಯ್ಯನಿಗೆ ಫೋನ್ ಮಾಡಿ, ನಿಂತೋಯ್ತು ಬಾವ, ಏನೂ ಯೋಚ್ನೆ ಮಾಡಬ್ಯಾಡಿ ಅಂದ.

ಈಗ ಆ ಅಟ್ಟದ ಒಂದು ವಿಷಯ ಹೇಳಬೇಕು. ಮಿಲ್ಲಿನವರಿಗೆಲ್ಲ ಗೊತ್ತಿದ್ದ ವಿಷಯವೇ. ಜರಡಿ ಎಷ್ಟೇ ಗಡಗಡ ಅಂದರೂ ಅಟ್ಟದ ನಡುವೆ ಒಂದು ಕಡೆ ಮಾತ್ರ ನೆಲ ಅಲ್ಲಾಡೋದಿಲ್ಲ. ಕುಡಿಯೋ ನೀರಿನ ಬಿಂದಿಗೆ ಅಲ್ಲಿಡೋದು, ಬೇರೆ ಕಡೆ ಇಟ್ಟರೆ ಚೆಲ್ಲಿಹೋಗುತ್ತೆ. ಆಳುಗಳ ಬುತ್ತಿ, ಕಾಫಿ ಲೋಟ, ಬೀಡಿ ಕಟ್ಟು ಎಲ್ಲ ಅಲ್ಲೇ. ಜೋಪಾನ ಮಾಡಬೇಕಾದ್ದು ಏನಿದ್ದರೂ ಬಿಂದಿಗೆ ಜಾಗದಲ್ಲಿ ಇಡು ಅನ್ನೋದು ಆ ಮಿಲ್ಲಿನ ರೂಢಿ. ಹೊಸದಾಗಿ ಸೇರಿದ ಆಳಿಗೆ ಮೊದಲು ತೋರಿಸೋ ಜಾಗವೇ ಅದು.

ಒಂದು ಬೆಳಗ್ಗೆ ಸಣ್ಣಯ್ಯ ಅಟ್ಟ ಹತ್ತಿ ನೋಡುತ್ತಾನೆ, ಜರಡಿಯ ಪಕ್ಕದ ಗುಂಡಿ ಕಿತ್ತುಬಂದು ವೈರಿನಲ್ಲಿ ನೇತಾಡುತ್ತಿದೆ. ತೌಡಿನ ಧೂಳು ಕೂತು ಕೂತು ಅಂಟು ಬಿಟ್ಟಿತ್ತು. ಹೆಂಡತಿಯ ನಿದ್ದೆ ಇರೋದೇ ಆ ಗುಂಡಿಯಲ್ಲಿ! ಎರಡೂ ಕೈಯಲ್ಲಿ ಹಿಡಿದು, ಊದಿ, ಪಂಚೆಯಲ್ಲಿ ಒರೆಸಿದ. ಸುಣ್ಣದ ಸುತ್ತು ಗುಡಿಸೋ ಹೆಂಗಸಿನ ಪೊರಕೆಗೆ ಸಿಕ್ಕಿ ಅಳಿಸಿಹೋಗಿತ್ತು, ಆದರೂ ಜಾಗ ಎಲ್ಲಿ ಅಂತ ಅವನಿಗೆ ಅಂದಾಜಿತ್ತು. ಫೋನ್ ಮಾಡಿದರೆ ಮೇಡಮ್ಮು ಕಾಲೇಜಿನಲ್ಲಿ ಪಾಠ ಮಾಡ್ತಿದ್ದಾರೆ, ಮಧ್ಯಾಹ್ನ ಸಿಗ್ತಾರೆ ಅಂದರು. ಕೆಳಗೆ ಭತ್ತದ ಗಾಡಿಗಳು ಸಾಲುಗಟ್ಟಿದ್ದವು, ವಿಮಲಮ್ಮ ಕೂಗುತ್ತಿದ್ದರು.

ಪೆಟ್ಟಿಗೆ ಇಲ್ಲದೆ ಜರಡಿ ಓಡಿಸಿದರೆ ಸುಂದ್ರಮ್ಮನ ಗತಿ? ಅವನು ನಿಂತು ಯೋಚಿಸಿದ. ಇಲ್ಲಿ ಇಷ್ಟು ಅಲ್ಲಾಡೋದಕ್ಕೇ ತಾನೇ ಇದು ಕಿತ್ತುಬಂದದ್ದು? ಇಷ್ಟು ನಾಜೂಕಾದ ಸಾಮಾನನ್ನ ಅಷ್ಟು ಕುಣಿಯೋ ಜಾಗದಲ್ಲಿ ಇಟ್ಟರೆ ಉಳಿಯುತ್ತಾ? ಮೇಡಮ್ಮೋರು ಹೊರಗಿನೋರು, ಪಾಪ, ಬಿಂದಿಗೆ ಜಾಗ ಅವರಿಗೇನು ಗೊತ್ತು? ಅವನು ಬಿಂದಿಗೆ ಎತ್ತಿ ಪಕ್ಕಕ್ಕಿಟ್ಟ. ತಳದಲ್ಲಿ ನೆಲ ಒದ್ದೆಯಾಗಿತ್ತು. ಒದ್ದೆಗೆ ಅಂಟು ಹಿಡಿಯೋದಿಲ್ಲ ಅಂತ ಇನ್ನೊಂದು ಮಾರು ಆಚೆಗೆ, ಗೋಡೆ ಕಡೆಗೆ, ಒಣಗಿದ ಕಡೆ ಚೆನ್ನಾಗಿ ಒರೆಸಿ ಗುಂಡಿ ಅಂಟಿಸಿದ. ಒಂದು ಮಗುವನ್ನ ಮಲಗಿಸಿದಷ್ಟು ಜೋಪಾನವಾಗಿ ಅಂಟಿಸಿದ, ಪಾಪಿ. ಆಮೇಲೆ ಕೆಳಗಿಳಿದು ಮಿಲ್ಲು ಶುರುಮಾಡಿದ.

ಮೊದಮೊದಲು ಏನೂ ಗೊತ್ತಾಗಲಿಲ್ಲ. ಸ್ವಲ್ಪ ಹೊತ್ತಿಗೆ ಪೆಟ್ಟಿಗೆಯೊಳಗಿನ ದಿಮ್ಮಿ ಧಡ್ ಧಡ್ ಅನ್ನೋಕೆ ಹತ್ತಿತು. ಮಿಷನ್ ಜೋರಾಗಿ ದುಡಿಯುತ್ತಿದೆ ಅಂದುಕೊಂಡ ಸಣ್ಣಯ್ಯ, "ತಳ್ಳು ನಮ್ಮಪ್ಪ, ಇನ್ನೊಸಿ ತಳ್ಳು" ಅಂದ. ಅಟ್ಟ ಏಳೋಕೆ ಬೀಳೋಕೆ ಶುರುವಾಯಿತು. ಬಿಂದಿಗೆ ಉರುಳಿ ಮೆಟ್ಟಿಲ ಮೇಲೆ ಬಂತು. ಆಳುಗಳು ಓಡಿದರು. ಅಷ್ಟು ಗದ್ದಲದಲ್ಲೂ ಗೋಡೆಯಾಚೆಯಿಂದ ಒಂದು ಕೂಗು ಅವನ ಕಿವಿಗೆ ಬಿತ್ತು. ಸುಂದ್ರಮ್ಮ ಹಾಗೆ ಕೂಗಿದ್ದನ್ನ ಅವನು ಯಾವತ್ತೂ ಕೇಳಿರಲಿಲ್ಲ.

ಮೇನ್ ಇಳಿಸಿ ಓಡಿಬಂದು ನೋಡಿದರೆ ತೊಲೆಯ ಸುತ್ತ ಗೋಡೆ ಒಡೆದು ಗಾರೆ ಚಕ್ಕೆಚಕ್ಕೆಯಾಗಿ ಉದುರಿದೆ. ಗೋಡೆಯ ಹಲಗೆ ಮೇಲಿದ್ದ ಟ್ರಂಕು ಬಿದ್ದು ಮಂಚದ ಅಂಚಿಗೆ ಬಡಿದು ಮಂಚವನ್ನೇ ಅಡ್ಡ ತಳ್ಳಿದೆ. ಸುಂದ್ರಮ್ಮ ಅರ್ಧ ಮೈ ಮಂಚದ ಮೇಲೆ, ಅರ್ಧ ಮೈ ಕೆಳಗೆ. ಎತ್ತೋಕೆ ಹೋದರೆ ಮುಟ್ಟಬ್ಯಾಡಿ ಅಂತ ಚೀರುತ್ತಾಳೆ, ಬಿಟ್ಟರೆ ಜಾರುತ್ತಾಳೆ. ಅವನು ಅವಳ ಕೆಳಗೆ ಬೆನ್ನುಕೊಟ್ಟು ಮಂಡಿ, ಅಂಗೈ ಊರಿಕೊಂಡು ಹಾಗೇ ಬಗ್ಗಿದ, ಡಾಕ್ಟರು ಬಂದು ಇಂಜೆಕ್ಷನ್ ಕೊಡೋವರೆಗೂ ಕದಲಲಿಲ್ಲ. ಅವಳ ಕಣ್ಣೀರು ಅವನ ಕತ್ತಿನ ಮೇಲೆ ಬೀಳುತ್ತಿತ್ತು.

ಯಶೋಧರಾ ಆವತ್ತೇ ಓಡಿಬಂದರು. ಅಟ್ಟ ಹತ್ತಿದವರು ಗುಂಡಿ ಇದ್ದ ಜಾಗ ನೋಡಿ ಅಲ್ಲೇ ಕೂತುಬಿಟ್ಟರು. "ಯಾರು ಇದನ್ನ ಇಲ್ಲಿಗೆ ತಂದಿದ್ದು?"

"ನಾನೇ ಮೇಡಮ್ಮೋರೇ. ಅಲ್ಲಿ ಅಲ್ಲಾಡಿ ಕೆಟ್ಟೋಯ್ತದೆ ಅಂತ..." ಅಂದ ಸಣ್ಣಯ್ಯ.

ಆಕೆ ಬೈಯಲಿಲ್ಲ. ಬೈದಿದ್ದರೇ ಅವನಿಗೆ ಹಗುರಾಗುತ್ತಿತ್ತು. "ಮಕ್ಕಳು ಕಲ್ಲಿನ ಮೇಲೆ ಹಲಗೆ ಇಟ್ಟು ಎರಡು ತುದಿಗೆ ಕೂತು ಆಡ್ತಾರಲ್ಲ, ನಿಮ್ಮ ಅಟ್ಟ ಆಡೋದು ಹಾಗೆ. ಈ ಬಿಂದಿಗೆ ಜಾಗ ಇದೆಯಲ್ಲ, ಅದು ಆ ಕಲ್ಲು ಇದ್ದ ಹಾಗೆ. ಅಲ್ಲಿ ಗುಂಡಿ ಇಟ್ಟರೆ ಅದಕ್ಕೆ ಅಲ್ಲಾಟವೇ ಕಾಣಲ್ಲ, ಕುರುಡು. ನೀವು ಅದನ್ನೂ ದಾಟಿಸಿ ಇಟ್ಟಿರಿ. ಜರಡಿ ಕಡೆ ಅಟ್ಟ ಮೇಲೆ ಎದ್ದಾಗ ಈ ಕಡೆ ಕೆಳಗೆ ಇಳಿಯುತ್ತೆ. ಗುಂಡಿ ಪೆಟ್ಟಿಗೆಗೆ ಉಲ್ಟಾ ಹೇಳ್ತು. ಒತ್ತಿ ಹಿಡಿಯೋ ಬದಲು ಪೆಟ್ಟಿಗೆ ಇನ್ನಷ್ಟು ಎತ್ತಿ ಕೊಡ್ತು. ಜಾಸ್ತಿ ಅಲ್ಲಾಡೋ ಕಡೆ ಇಟ್ಟರೇನೇ ಸಣ್ಣಯ್ಯನವರೇ ಅದಕ್ಕೆ ಗೊತ್ತಾಗೋದು." ಗುಂಡಿಯನ್ನ ಕಿತ್ತು ಕೈಗೆ ತಗೊಂಡು, "ಮುಟ್ಟಬೇಡಿ ಅಂತ ಹೇಳಿದೆ, ಇಷ್ಟು ಹೇಳಿದ್ದರೆ ಆಗುತ್ತಿತ್ತು. ಅಂಟಿಸಿ ಬಿಡಬಾರದಿತ್ತು, ಸ್ಕ್ರೂ ಹಾಕಬೇಕಿತ್ತು" ಅಂದರು.

ವಿಮಲಮ್ಮನವರು ಕೆಳಗಿಂದಲೇ ಕೂಗಿದರು, "ಸಾಕು ಕಣಮ್ಮ ನಿಮ್ಮ ಪ್ರಯೋಗ! ಬಿಚ್ಕೊಂಡು ಹೊರಡಿ. ನನ್ನ ಮಿಲ್ಲು ಬಿದ್ದೋದ್ರೆ ನೀವು ಕಟ್ಟಿಕೊಡ್ತೀರಾ?" ಸಣ್ಣಯ್ಯ ಹೋಗಿ ಅವರ ಕಾಲು ಹಿಡಿದ. ಇನ್ನೊಂದೇ ಒಂದು ಸಲ ಅಮ್ಮಾವ್ರೇ, ಇನ್ನೊಂದೇ ಸಲ. ಅವರು ಕಾಲು ಎಳೆದುಕೊಂಡು ಮುಖ ತಿರುಗಿಸಿದರು.

ಸುದ್ದಿ ಬೆಟ್ಟದಪುರಕ್ಕೆ ಮುಟ್ಟಿ ಲಿಂಗಯ್ಯ ಜೀಪು ಮಾಡಿಕೊಂಡು ಬಂದ. ಡಾಕ್ಟರು ಕುಲುಕಬಾರದು ಅಂದವ್ರೆ ಬಾವ, ಒಂದೆರಡು ದಿನ ತಡೀರಿ, ಮೇಡಮ್ಮೋರು ಸರಿ ಮಾಡ್ತಾರೆ ಅಂತ ಇವನು ಅಡ್ಡ ನಿಂತ. "ಯಾವನ್ಲಾ ಅದು ಸರಿ ಮಾಡೋನು? ಇಲ್ಲಿ ದಿನಾ ಕುಲುಕ್ತಾ ಇಲ್ವಾ? ನೀನು ಸರಿ ಮಾಡಿದ್ದು ಕಣ್ಣಾರ ನೋಡ್ತಾ ಇವ್ನಿ!" ಲಿಂಗಯ್ಯ ತಂಗಿಯ ಗಂಡನನ್ನ ಲಾ ಅಂದವನೇ ಅಲ್ಲ, ಆವತ್ತು ಅಂದ.

ಸಣ್ಣಯ್ಯ ಮಂಚದ ಹತ್ತಿರ ಕೂತು, "ನೀನಾದ್ರೂ ಯೋಳಮ್ಮಿ ನಿಮ್ಮಣ್ಣಂಗೆ. ನೋವೈತಾ ಅಂತ ನಾನು ದಿನಾ ಕೇಳ್ತಿದ್ದೆ, ಇಲ್ಲ ಅಂತಿದ್ದೆ ತಾನೇ?" ಅಂದ.

ಸುಂದ್ರಮ್ಮ ಸೂರು ನೋಡಿಕೊಂಡೇ ಮಾತಾಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಕೇಳ್ತಿದ್ರಿ. ಮಿಲ್ಲು ನಿಲ್ಸಿ, ಕೈಕಾಲು ತೊಳ್ಕೊಂಡು ಬಂದು ಕೇಳ್ತಿದ್ರಿ. ಆವಾಗ ನೋವು ಎಲ್ಲಿರ್ತದೆ ಯೋಳಿ? ಬೆಳಗಿಂದ ಸೆರಗು ಕಚ್ಕೊಂಡು ಮಲಗಿದ್ದಾಗ ಒಂದು ದಿನ ಬಂದು ನೋಡಿದ್ರಾ? ಒಂದೇ ಒಂದು ದಿನ ಬಂದ್ರಿ, ಆವತ್ತು ನಾನು ನಿದ್ದೆ ಮಾಡ್ತಿದ್ದೆ."

ಸಣ್ಣಯ್ಯ ಕೂತ ಕಡೆಯೇ ಕೂತ. ಅಷ್ಟು ವರ್ಷ ದಿನಾ ಕೇಳಿದೆ ಅನ್ನೋದೊಂದೇ ಅವನ ಹತ್ತಿರ ಉಳಿದಿದ್ದ ಸಮಾಧಾನ. ಅದೂ ಹೋಯಿತು. ತನಗೆ ಗೊತ್ತಾಗಬಾರದು ಅಂತಲೇ ತಾನು ಆ ಹೊತ್ತಿಗೆ ಹೋಗುತ್ತಿದ್ದೆನೇನೋ ಅನ್ನಿಸಿ ಮೈ ಉರಿಯಿತು. ಲಿಂಗಯ್ಯನನ್ನ ಕರೆದು, ತಲೆ ಕಡೆ ನೀವು ಹಿಡೀರಿ ಬಾವ, ನಾನು ಕಾಲ ಕಡೆ ಹಿಡೀತೀನಿ ಅಂದ.

ಆ ದಾರಿಯನ್ನ ನೆನೆಸಿಕೊಳ್ಳೋದೇ ಬೇಡ. ಜೀಪಿನಲ್ಲಿ ಹಾಸಿಗೆ ಮೇಲೆ ಹಾಸಿಗೆ ಹಾಸಿ ಅವಳ ತಲೆ ತೊಡೆ ಮೇಲಿಟ್ಟುಕೊಂಡು ಸಣ್ಣಯ್ಯ ಕೂತ. ಮಳೆಗಾಲ ಆಗಷ್ಟೇ ಮುಗಿದು ರಸ್ತೆ ಅನ್ನೋದು ಬರೀ ಹಳ್ಳ. ಒಂದೊಂದು ಹಳ್ಳಕ್ಕೂ ಅವಳು ಅವನ ಅಂಗಿ ಹಿಡಿದು ಜಗ್ಗುತ್ತಿದ್ದಳು. ಹುಣಸೂರು ಸೇತುವೆ ದಾಟೋ ಹೊತ್ತಿಗೆ ಜಗ್ಗೋದೂ ನಿಂತಿತು, ಎಚ್ಚರ ತಪ್ಪಿತ್ತು. ಬೆಟ್ಟದಪುರದಲ್ಲಿ ಇಳಿಸಿದಾಗ ಅವಳ ಕಾಲಿಗೆ ಚಿವುಟಿದರೂ ಗೊತ್ತಾಗುತ್ತಿರಲಿಲ್ಲ. ಇವನು ಅವಳ ಪಾದ ತಿಕ್ಕುತ್ತಾ ತಿಕ್ಕುತ್ತಾ ಕೂತಿದ್ದು, ಕೊನೆಗೆ ಲಿಂಗಯ್ಯನೇ ಹೆಗಲ ಮೇಲೆ ಕೈಹಾಕಿ ಎಬ್ಬಿಸಿದ.

ಕೆಲಸಕ್ಕೆ ವಾಪಸು ಬಂದ ಸಣ್ಣಯ್ಯನ ಮುಖ ನೋಡಿ ವಿಮಲಮ್ಮನವರಿಗೆ ಏನನ್ನಿಸಿತೋ, ಯಶೋಧರಾ ತಾನೇ ಪೂರ್ತಿ ಜವಾಬ್ದಾರಿ ಅಂದಮೇಲೆ ಇನ್ನೊಂದು ಸಲಕ್ಕೆ ಒಪ್ಪಿದರು. ಆಕೆ ಈ ಸಲ ರಜೆ ಹಾಕಿ ಅಲ್ಲೇ ನಿಂತರು. ಗುಂಡಿಗಳನ್ನ ಜರಡಿ ಪಕ್ಕದಲ್ಲಿ, ತೊಲೆಯ ಮೇಲೆ, ಎಲ್ಲೆಲ್ಲಿ ನೆಲ ಜಾಸ್ತಿ ಆಡುತ್ತೋ ಅಲ್ಲಲ್ಲಿ ಸ್ಕ್ರೂ ಹಾಕಿ ಬಿಗಿದು, ಮೇಲೆ ತಗಡಿನ ಟೋಪಿ ಮುಚ್ಚಿದರು. ಅಲ್ಲಾಟ ಅಳತೆ ಮೀರಿದರೆ ಪೆಟ್ಟಿಗೆ ತಾನೇ ಆರಿಹೋಗೋ ಹಾಗೆ ಮಾಡಿದರು. ಜರಡಿ ಓಡಿತು. ಸಣ್ಣಯ್ಯ ಮನೆಯೊಳಗೆ ಹೋಗಿ, ಖಾಲಿ ಮಂಚದ ಮೇಲೆ, ಅವಳು ಮಲಗುತ್ತಿದ್ದ ಕಡೆಯೇ ಅಂಗಾತ ಮಲಗಿ ನೋಡಿದ. ಏನೂ ಇಲ್ಲ. ಮುಂಚಿನ ಸಲಕ್ಕಿಂತಲೂ ಚೆನ್ನಾಗಿ ಅಡಗಿತ್ತು. "ಇನ್ನು ಕರ್ಕೊಂಡು ಬನ್ನಿ ಸಣ್ಣಯ್ಯನವರೇ" ಅಂದರು ಯಶೋಧರಾ, ಅವರ ಕಣ್ಣೂ ಒದ್ದೆಯಾಗಿತ್ತು. ಅವನು ಬಟ್ಟೆ ಬದಲಾಯಿಸದೆ, ತೌಡು ಮೆತ್ತಿದ ಅಂಗಿಯಲ್ಲೇ ಬಸ್ ಸ್ಟ್ಯಾಂಡಿಗೆ ಓಡಿದ.

ಬಸ್ಸಿನಲ್ಲಿ ಉದ್ದಕ್ಕೂ ಅದೇ ಮಾತು ಒಳಗೊಳಗೆ ಹೇಳಿಕೊಂಡ. ನಿಂತೋಯ್ತು ಕಣಮ್ಮಿ, ನಿಜವಾಗ್ಲೂ ನಿಂತೋಯ್ತು, ನಾನೇ ಮಲಗಿ ನೋಡಿದೆ. ಬೆಟ್ಟದಪುರದ ಮನೆ ಬಾಗಿಲಲ್ಲಿ ಲಿಂಗಯ್ಯನ ಹೆಂಡತಿ ಕೆಂಪಾಜಮ್ಮ ಅಕ್ಕಿ ಆರಿಸುತ್ತಾ ಕೂತಿದ್ದವಳು ಎದ್ದುಬಂದು ಅವನನ್ನ ಅಲ್ಲೇ ತಡೆದಳು. "ಮೆತ್ತಗೆ ಮಾತಾಡಿ ಅಣ್ಣ. ನೆನ್ನೆ ಡಾಕ್ಟ್ರು ಬಂದಿದ್ರು. ಜೀವ ಉಳಿದಿರೋದೇ ದೊಡ್ಡದಂತೆ. ಇನ್ನೊಂದು ಸಲ ಜೀಪು ಗೀಪು ಅಂತ ರಸ್ತೆ ಮೇಲೆ ತಗೊಂಡೋದ್ರೆ ದಾರೀಲೇ ಓಯ್ತದಂತೆ. ಅವ್ಳಿಗೆ ಯೋಳಿಲ್ಲ. ಮನೆಗೆ ಓಗ್ಬೇಕು, ಮನೆಗೆ ಓಗ್ಬೇಕು ಅಂತ ಒಂದೇ ಸಮ ಬಡ್ಕೋತಾವ್ಳೆ."

ಸಣ್ಣಯ್ಯ ಜಗಲಿ ಕಂಬ ಹಿಡಿದುಕೊಂಡ. ಮನೆ ನಿಂತಿತ್ತು, ಕಲ್ಲಿನ ಹಾಗೆ ನಿಂತಿತ್ತು. ಮನೆಗೂ ಅವಳಿಗೂ ನಡುವೆ ಇರೋ ಆ ರಸ್ತೆಯನ್ನ ಯಾವ ಮೇಡಮ್ಮು ಬಂದು ಒತ್ತಿ ಹಿಡೀತಾರೆ? ಗುಂಡಿ ಇದ್ದ ಕಡೆ ಇದ್ದಿದ್ದರೆ ಅವಳು ಈ ದಾರಿ ತುಳಿಯೋದೇ ಇರಲಿಲ್ಲ. ಬಿಂದಿಗೆ ಎತ್ತಿಟ್ಟ ಆ ಎರಡು ಕೈಯನ್ನ ಕಂಬದಿಂದ ಬಿಡಿಸಿ ಪಂಚೆಗೆ ಒರೆಸಿಕೊಂಡ.

ಒಳಗೆ ಹೋದ. ಸುಂದ್ರಮ್ಮ ಅವನ ಅಂಗಿ ನೋಡಿದಳು, ಮುಖ ಅರಳಿತು. "ಬಂತಾ ತೌಡಿನ ಮೂಟೆ" ಅಂದಳು. ಹೊರಗೆ ಟ್ರಾಕ್ಟರೊಂದು ಹೋಯಿತು. ಅವಳ ತುಟಿ ಬಿಗಿಯೋದು, ಬೆರಳು ಸೆರಗು ಹುಡುಕೋದು ಅವನು ನೋಡಿದ. ಈ ಸಲ ನೋವೈತಾ ಅಂತ ಕೇಳಲಿಲ್ಲ. ಟ್ರಾಕ್ಟರು ದೂರ ಹೋಗೋವರೆಗೂ ಅವಳ ಬೆನ್ನಿನ ಕೆಳಗೆ ಅಂಗೈ ಕೊಟ್ಟು ಕೂತ.

"ಏನ್ರೀ, ಮೇಡಮ್ಮೋರು ಬಂದಿದ್ರಂತೆ? ನಮ್ಮನೆ ಅಲ್ಲಾಟ ನಿಂತಾ?" ಅವಳು ಅವನ ಮುಖವನ್ನೇ ನೋಡುತ್ತಿದ್ದಳು. "ನಿಂತಿದ್ರೆ ಯೋಳಿ, ಇವತ್ತೇ ಒಂಟೋಗವ. ನಮ್ಮಣ್ಣ ಏನಾದ್ರೂ ಅನ್ಕೊಳ್ಳಲಿ. ದಾರೀಲಿ ಸತ್ರೂ ಚಿಂತಿಲ್ಲ, ನನ್ನ ಮನೆಗೆ ಓಯ್ತಾ ಸಾಯ್ತೀನಿ."

ಬಸ್ಸಿನಲ್ಲಿ ಅಷ್ಟು ಸಲ ಹೇಳಿಕೊಂಡ ಮಾತು ಅವನ ನಾಲಿಗೆ ತುದಿಗೇ ಬಂದಿತ್ತು. ನುಂಗಿಕೊಂಡ.

"ಇಲ್ಲ ಕಣಮ್ಮಿ. ಎಲ್ಲಿ ನಿಂತದೆ? ಮೊದ್ಲಿಗಿಂತ ಜಾಸ್ತಿ ಆಗೈತೆ. ಅದು ನಿಲ್ಲೋ ಅಂಥದಲ್ಲ ಬುಡು. ನೀನು ಇಲ್ಲೇ ಇರು, ನಾನು ವಾರ ವಾರ ಬತ್ತೀನಿ."

ಸುಂದ್ರಮ್ಮನ ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯಿತು. ಆಮೇಲೆ ಕೈ ಚಾಚಿ ಅವನ ಅಂಗಿ ತೋಳಿಗೆ ಮೆತ್ತಿದ್ದ ತೌಡು ಕೊಡವುತ್ತಾ, "ಅಂಗಂದ್ರೆ ನೀವೂ ಅಲ್ಲಿ ಮಲೀಕಬ್ಯಾಡಿ ಕಣ್ರೀ. ಅಮ್ಮಾವ್ರಿಗೆ ಯೋಳಿ ಬ್ಯಾರೆ ಕಡೆ ಜಾಗ ಕೇಳ್ಕಳಿ. ಆ ಅಲ್ಲಾಟದಲ್ಲಿ ನಿಮಗೆ ನಿದ್ದೆ ಎಲ್ಲಿ ಬತ್ತದೆ?" ಅಂದಳು.

"ಹೂಂ, ಕೇಳ್ತೀನಿ" ಅಂದ ಸಣ್ಣಯ್ಯ.